ಬಾಂಬೆಯಲ್ಲಿ ನನ್ನ ಹತ್ತೊಂಬತ್ತು ದಿನ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಬಾಗಿಲು ಕಂಡರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತೇನೆ. ಬ್ಯಾಂಕು, ಅಂಚೆ ಕಚೇರಿ, ಔಷಧದ ಅಂಗಡಿ, ಎಲ್ಲವೂ ನನ್ನ ಕಾಲಿಗೆ ಒಂದೇ. ಹೋದ ತಿಂಗಳು ಪಾಸ್‌ಬುಕ್ ತುಂಬಿಸಲು ಹೋದಾಗ ಬ್ಯಾಂಕಿನ ಕಾವಲುಗಾರ ಬಾಗಿಲಲ್ಲೇ ತಡೆದ.

"ಅಜ್ಜಾರ, ಇದೇನ್ ಗುಡಿ ಏನ್ರಿ? ಹಾಕ್ಕೊಂಡೇ ಬರ್ರಿ ಒಳಗ. ಹೋದ್ ಸಲಾನೂ ಹಿಂಗೇ ಬಿಟ್ಟು ಕಳಕೊಂಡ್ರಿ."

ಕಳೆದುಕೊಂಡದ್ದು ನಿಜ. ಅವತ್ತು ಬರಿಗಾಲಲ್ಲಿ ಮನೆಗೆ ಬಂದಾಗ ಸೊಸೆ, "ಮಾಮಾ, ನಿಮ್ಮ ಪುಣ್ಯೇದಿಂದ ವಾಡಿ ಊರಾಗ ಅರ್ಧ ಮಂದಿ ಹೊಸಾ ಚಪ್ಪಲ ಹಾಕ್ಕೊಂಡ್ ಅಡ್ಡಾಡಾಕತ್ತಾರ ನೋಡ್ರಿ" ಎಂದಳು.

ಇದಕ್ಕೆ ನನ್ನ ದೈವಭಕ್ತಿಯೇ ಕಾರಣವೆಂದು ನೆರೆಯವರು ತಿಳಿದಿದ್ದಾರೆ. ನಾನೂ ಇಷ್ಟು ವರ್ಷ ತಿದ್ದಲು ಹೋಗಿಲ್ಲ. ಜನ ನನ್ನ ಬಗ್ಗೆ ತಪ್ಪು ತಿಳಿದಾಗ ತಿದ್ದದೆ ಬಿಡುವುದು ನನ್ನ ಇನ್ನೊಂದು ಕೆಟ್ಟ ಅಭ್ಯಾಸ. ಅದರ ವಿಷಯವನ್ನು ಹೇಳಿಕೊಳ್ಳಲೆಂದೇ ಇವತ್ತು ಕಾಗದ ಹಿಡಿದು ಕೂತಿದ್ದೇನೆ.

ಚಪ್ಪಲಿಗೆ ಕಾರಣ ನಮ್ಮ ಕಲ್ಲು. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ನೆಲ ಅಗೆದರೆ ಹಾಳೆ ಹಾಳೆಯಾಗಿ ಏಳುವ ಆ ಬೂದು ಬಣ್ಣದ ಫರಸಿ ಕಲ್ಲು ನಿಮ್ಮ ಮನೆಯಲ್ಲೂ ಇರಬಹುದು. ಕಟ್ಟೆಗೆ ಅದೇ, ಮಾಡಿಗೆ ಅದೇ, ಹೊಲದ ಬದುವಿಗೂ ಅದೇ. ಚಿತ್ತಾಪುರದಲ್ಲಿ ನಾನು ಓದಿದ ಹೈಸ್ಕೂಲಿಗೆ ಬಡವರ ಸಾಲೆ ಎಂಬ ಹೆಸರಿದ್ದರೂ ನೆಲ ಮಾತ್ರ ಅರಮನೆಯದು. ಸಿಪಾಯಿ ನಬಿಸಾಬ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಅದನ್ನು ಕನ್ನಡಿಯ ಹಾಗೆ ಒರೆಸುತ್ತಿದ್ದ. ಅದರ ಮೇಲೆ ಚಪ್ಪಲಿ ಕಾಲು ಇಡುವ ಧೈರ್ಯ ಹೆಡ್‌ಮಾಸ್ತರರಿಗೂ ಇರಲಿಲ್ಲ. ಬಾಗಿಲ ಹೊರಗೆ ಅವರ ಕರಿ ಜೋಡು, ಪಕ್ಕದಲ್ಲಿ ನಮ್ಮ ಟೈರಿನ ಚಪ್ಪಲಿಗಳು. ಬೇಸಿಗೆಯಲ್ಲಿ ಊಟದ ಬಿಡುವಿನಲ್ಲಿ ಅಂಗಿ ಬಿಚ್ಚಿ ಆ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದರೆ ಆ ತಂಪಿಗೆ ಪಾಠವೆಲ್ಲ ಮರೆತು ಹೋಗುತ್ತಿತ್ತು. ನನಗೆ ಗಣಿತವೊಂದು ಮರೆಯಲಿಲ್ಲ. ಅದೇ ಮುಂದಿನ ಎಡವಟ್ಟಿಗೆಲ್ಲ ಮೂಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗಿದ್ದ ಕಾಲ. ಮೆಟ್ರಿಕ್‌ನಲ್ಲಿ ಗಣಿತಕ್ಕೆ ಬಂದ ಅಂಕ ನೋಡಿ ಹೆಡ್‌ಮಾಸ್ತರರು ತಾವೇ ಅರ್ಜಿ ತುಂಬಿ ಬಾಂಬೆಯ ದೊಡ್ಡ ಕಾಲೇಜೊಂದಕ್ಕೆ ಕಳಿಸಿದರು. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಅಪ್ಪ ವಾಡಿ ಸ್ಟೇಷನ್ನಿನಲ್ಲಿ ಹಮಾಲ. ಬದುಕಿನುದ್ದಕ್ಕೂ ಬೇರೆಯವರ ಸಾಮಾನು ಬಾಂಬೆ ಗಾಡಿಗೆ ಏರಿಸಿದವನು. ಅವತ್ತು ಮೊದಲ ಸಲ ಮಗನ ಟ್ರಂಕು ಏರಿಸಿದ. ಅವ್ವ ತಿಂಗಳಿಟ್ಟರೂ ಕೆಡದ ಗರಿಗರಿ ಕಟಕ ರೊಟ್ಟಿ ಒಂದು ಚೀಲ, ಒಂದು ಡಬ್ಬಿ ಶೇಂಗಾ ಹಿಂಡಿ ಕೊಟ್ಟಿದ್ದಳು.

ಬಾಂಬೆಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿಗೆ ಹಾಸಿದ್ದು ನಮ್ಮದೇ ಕಲ್ಲು! ಚಪ್ಪಲಿಯಿಂದ ಒಂದು ಕಾಲು ತೆಗೆದು ಮುಟ್ಟಿ ನೋಡಿದೆ, ಸಂಶಯವೇ ಇಲ್ಲ. ಕಾಲೇಜಿಗೆ ಹೋದರೆ ಅಲ್ಲಿಯೂ ಉದ್ದಕ್ಕೆ ಅದೇ ಫರಸಿ, ನಬಿಸಾಬನ ನೆಲಕ್ಕಿಂತ ಹೆಚ್ಚು ಹೊಳಪು. ನನ್ನ ಕಾಲಿಗೆ ಇನ್ನೇನು ಹೇಳಿಕೊಡಬೇಕು? ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಪಾಠ ಮುಗಿದು ಹೊರಗೆ ಬಂದಾಗ ಅಷ್ಟೂ ಹುಡುಗರು ನನ್ನ ಚಪ್ಪಲಿಯ ಸುತ್ತ ನಿಂತು ಮ್ಯೂಸಿಯಮ್ಮಿನ ವಸ್ತುವಿನ ಹಾಗೆ ನೋಡುತ್ತಿದ್ದರು.

ಮರುದಿನ ಅವರು ಮಾಡಿದ ಕುಚೋದ್ಯಕ್ಕೆ ಈಗ ನನಗೇ ನಗು ಬರುತ್ತದೆ. ಅಷ್ಟೂ ಜನ ತಮ್ಮ ಪಾಲಿಶ್ ಮಾಡಿದ ಬೂಟು ಬಿಚ್ಚಿ ಬಾಗಿಲಲ್ಲಿ ಸಾಲಾಗಿ ಇಟ್ಟು, ನಡುವೆ ಖಾಲಿ ಜಾಗ ಬಿಟ್ಟು, ನನ್ನ ಚಪ್ಪಲಿಗಾಗಿ ಕಾಯುತ್ತ ಕೂತಿದ್ದರು. ಹಿಂದೆಯೇ ಬಂದ ಪ್ರೊಫೆಸರರು ಸ್ವಲ್ಪ ಮರೆವಿನ ಮನುಷ್ಯ. ಹೊಸ ನಿಯಮ ಬಂದಿರಬೇಕೆಂದುಕೊಂಡು ಅವರೂ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು! ಕ್ಲಾಸು ಹೋ ಎಂದು ನಕ್ಕಿತು. ಯಾಕೆ ಎಂದು ಅವರು ಕೇಳಿದಾಗ ಎಲ್ಲ ಬೆರಳುಗಳೂ ನನ್ನ ಕಡೆ ತಿರುಗಿದವು. ಅವರು ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರು. ಕ್ಲಾಸು ಮತ್ತೆ ನಕ್ಕಿತು. ಆ ವಾಕ್ಯ ಏನೆಂದು ಇವತ್ತಿಗೂ ನನಗೆ ತಿಳಿಯದು. ಒಳ್ಳೆಯ ಮಾತೇ ಇದ್ದೀತು. ಆಗ ಹಾಗೆಂದುಕೊಳ್ಳುವ ಬುದ್ಧಿ ಇರಲಿಲ್ಲ.

ಆ ಸಂಜೆ ಹಾಸ್ಟೆಲಿನ ಊಟದ ಮನೆಯ ತನಕ ಹೋದೆ. ಬಾಗಿಲಲ್ಲಿ ನಿಂತು ಇಣುಕಿದರೆ ಉದ್ದನೆಯ ಮೇಜು, ಬಿಳಿ ಬಟ್ಟೆ, ಮುಳ್ಳುಚಮಚ, ಚಾಕು. ಯಾರೂ ಬಾಯಿಂದ ಸದ್ದು ಮಾಡುತ್ತಿರಲಿಲ್ಲ, ಚಮಚಗಳೇ ಮಾತಾಡುತ್ತಿದ್ದವು. ಹಿಂದಕ್ಕೆ ತಿರುಗಿ ಕೋಣೆಗೆ ಬಂದು ಅವ್ವನ ಚೀಲ ಬಿಚ್ಚಿದೆ. ಮತ್ತೆಂದೂ ಆ ಕಡೆ ಹೋಗಲಿಲ್ಲ. ದಿನಕ್ಕೆ ಮೂರು ರೊಟ್ಟಿಯಂತೆ ತಿಂದೆ. ಹತ್ತೊಂಬತ್ತನೆಯ ದಿನ ಚೀಲ ಬರಿದಾಯಿತು. ರೊಟ್ಟಿಯ ಜೊತೆಗೆ ನನ್ನ ಉನ್ನತ ಶಿಕ್ಷಣವೂ ಮುಗಿಯಿತು.

ವಾಡಿಯಲ್ಲಿ ಇಳಿದಾಗ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ಇರಲಿಲ್ಲ. ಸ್ಟೇಷನ್ನಿನ ಹೊರಗೆ ಚಹಾ ಮಾರುವ ಖಾಜಾಮಿಯಾ ನೋಡಿಬಿಟ್ಟ.

"ಅರೆ ಹಣಮಂತ! ಇಷ್ಟ್ ಲಗೂ ಬಂದಿ?"

"ರಜಾ ಬಿಟ್ಟಾರ ಖಾಜಾ ಚಾಚಾ."

"ಇಪ್ಪತ್ತ ದಿನಕ್ಕೇ? ಭಾರಿ ಕಾಲೇಜಪ್ಪ. ನಮ್ಮ ಹುಡುಗರನ್ನೂ ಅಲ್ಲೇ ಹಾಕ್ಬೇಕು."

ಅವನ ಚಹಾ ಗುಟುಕರಿಸುತ್ತಿದ್ದಾಗಲೇ ಮನೆಗೆ ಹೋಗುವ ಧೈರ್ಯ ಇಳಿದು ಹೋಯಿತು. "ಚಿಂಚೋಳಿಗಿ ಸಣ್ಣವ್ವನ ಮನಿಗಿ ಹೊಂಟೀನಿ, ಹಂಗೇ ಬಾಂಬೇಗಿ ಹೋಗ್ತೀನಿ, ಅಪ್ಪಗ ಹೇಳ್ರಿ" ಎಂದು ಅವನಿಗೆ ಒಪ್ಪಿಸಿ ಸೇಡಂ ಕಡೆಯ ಪ್ಯಾಸೆಂಜರ್ ಹತ್ತಿದೆ. ಚಿಂಚೋಳಿಯ ಹತ್ತಿರದ ಚಂದ್ರಂಪಳ್ಳಿಯಲ್ಲಿ ಆಗ ನೀರಾವರಿ ಕೆರೆಯ ಕೆಲಸ ನಡೆದಿತ್ತು. ಸಣ್ಣವ್ವ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು, ಬೈಯಲಿಲ್ಲ. ಅಲ್ಲಿ ಕೂಲಿಯವರ ಹಾಜರಿ ಬರೆಯುವ ಕೆಲಸ ಹಿಡಿದು ಹತ್ತು ತಿಂಗಳು ಮಣ್ಣು ಹೊರುವವರ ಹೆಸರು ಕೂಗಿದೆ. ವಾಡಿಯ ಲೆಕ್ಕದಲ್ಲಿ ನಾನು ಬಾಂಬೆಯಲ್ಲಿದ್ದೆ. ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದೆ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳುವವರಿಗೆ ಅಂಚೆ ಮುದ್ರೆ ನೋಡುವ ಅಭ್ಯಾಸವಿರಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಚಿಂಚೋಳಿಯಲ್ಲಿ ಹೊಲಿಸಿದ ಒಂದು ಪ್ಯಾಂಟು ಹಾಕಿಕೊಂಡು ಊರಿಗೆ ಬಂದು, "ಒಂದು ವರ್ಷ ಮುಗಿಸಿದೆ, ಬಾಂಬೆ ಹವಾ ಒಗ್ಗಲಿಲ್ಲ, ಡಾಕ್ಟರ್ ಬೇಡವೆಂದ" ಎಂದೆ. ಹವಾ ಒಗ್ಗಲಿಲ್ಲ ಎಂಬುದೊಂದು ಅದರಲ್ಲಿ ಅರ್ಧ ನಿಜ. ಊರು ನನ್ನನ್ನು ಬಾಂಬೆ ಹಣಮಂತ ಎಂದು ಕರೆಯಿತು. ಆ ಹೆಸರಿನ ಮೇಲೆಯೇ ಫರಸಿ ಕಲ್ಲಿನ ವ್ಯಾಪಾರಿಯೊಬ್ಬರ ಅಂಗಳದಲ್ಲಿ ಗುಮಾಸ್ತನ ನೌಕರಿ ಸಿಕ್ಕಿತು. ಬಾಂಬೆಯ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ಕೆಲಸ. ನನಗೆ ಬರುತ್ತಿದ್ದದ್ದು 'ಡಿಯರ್ ಸರ್' ಮತ್ತು 'ಯುವರ್ಸ್ ಫೇಥ್‌ಫುಲಿ'. ನಡುವಿನ ಜಾಗವನ್ನು ಕಲ್ಲಿನ ಅಳತೆ ತುಂಬುತ್ತಿತ್ತು.

ಬಾಂಬೆಯ ಕಥೆ ಹೇಳಲು ಮಾತ್ರ ನನಗೆ ಎಂದೂ ಮಾತು ಕಡಿಮೆ ಬೀಳಲಿಲ್ಲ. ಖಾಜಾಮಿಯಾನ ಅಂಗಡಿಯಲ್ಲಿ ಕೂತರೆ ಒಂದೊಂದು ಮಳೆಗಾಲಕ್ಕೆ ಒಂದೊಂದು ಹೊಸ ಸಂಗತಿ ಸೇರುತ್ತಿತ್ತು. ಮೊದಲು ಸಮುದ್ರ, ಆಮೇಲೆ ಚರ್ಚಾಸ್ಪರ್ಧೆಯ ಬಹುಮಾನ, ಆಮೇಲೆ ಪ್ರೊಫೆಸರರ ಮನೆಯ ಊಟ. ಹತ್ತು ವರ್ಷದಲ್ಲಿ ನನ್ನ ಬಾಂಬೆ ನಿಜವಾದ ಬಾಂಬೆಗಿಂತ ದೊಡ್ಡದಾಗಿತ್ತು. ಕೇಳುವವರಿಗೆ ಸಂತೋಷ, ಹೇಳುವ ನನಗೂ ಸಂತೋಷ. ಇದರಿಂದ ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಐದಾರು ವರ್ಷವಾಗಿತ್ತು. ನಮ್ಮ ಅಂಗಳದಲ್ಲಿ ಕಲ್ಲು ಸೀಳುವವರಲ್ಲಿ ಮರೆಪ್ಪ ಎಂಬುವನು ಎಲ್ಲರಿಗಿಂತ ಜಾಣ. ಉಳಿ ಇಟ್ಟು ಕಲ್ಲಿಗೆ ಕಿವಿಗೊಟ್ಟು ಎಲ್ಲಿ ಬಿರಿಯುತ್ತದೆಂದು ಹೇಳುತ್ತಿದ್ದ. ಗುಂಡಗುರ್ತಿಯ ಕಡೆಯಿಂದ ಬಂದು ವಾಡಿಯಲ್ಲಿ ನೆಲೆಸಿದವನು. ಬೌದ್ಧ ಧರ್ಮ ತೆಗೆದುಕೊಂಡ ಕುಟುಂಬ, ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಕೆಳಗೆ ಮಗಳು ಶಾಂತಾಳ ಪುಸ್ತಕಗಳು. ಅವಳು ಚಿತ್ತಾಪುರದ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದಿದವಳು. ಗಣಿತದಲ್ಲಿ ನನ್ನನ್ನು ಹತ್ತು ಸಲ ಕೊಂಡು ಮಾರುವಂಥವಳು. ಅವಳಿಗೂ ಬಾಂಬೆಯ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಮರೆಪ್ಪ ಅವಳನ್ನು ಕರೆದುಕೊಂಡು ನೇರ ನಮ್ಮ ಮನೆಗೆ ಬಂದ.

"ಸಾಹೇಬ್ರ, ನೀವು ಅಲ್ಲಿ ಇದ್ದ್ ಬಂದವ್ರು. ನಮಗೇನ್ ಗೊತ್ತದ? ಈಕಿಗಿ ನಾಕ್ ಮಾತ ಹೇಳಿಕೊಡ್ರಿ."

"ಬಾ ಶಾಂತಾ, ಕುಂದ್ರು" ಎಂದೆ. ಆ ಮೂರು ಶಬ್ದದ ನಂತರ ನಾನು ಆಡಿದ್ದೆಲ್ಲ ಅಪರಾಧ.

ಎಂಟು ದಿನ ಪಾಠ ನಡೆಯಿತು. ಖಾಜಾಮಿಯಾ ಸ್ಟೇಷನ್ನಿನ ಕ್ಯಾಂಟೀನಿನಿಂದ ಕೇಳಿ ತಂದುಕೊಟ್ಟ ಒಂದು ಮುಳ್ಳುಚಮಚ, ಒಂದು ಚಾಕು ನನ್ನ ಪಾಠದ ಸಲಕರಣೆ. ನಾನು ಅವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಬ್ರೆಡ್ಡು ಇರಲಿಲ್ಲವಾದ್ದರಿಂದ ಕಟಕ ರೊಟ್ಟಿಯ ಮೇಲೆ ತೋರಿಸತೊಡಗಿದೆ. ಮುಳ್ಳು ಚುಚ್ಚಿ ಚಾಕು ಒತ್ತಿದ್ದೇ ತಡ, ರೊಟ್ಟಿ ಚಟ್ಟನೆ ಮುರಿದು ಒಂದು ತುಂಡು ಹಾರಿ ಒಲೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಸುಗಲಾಬಾಯಿಯ ಬೆನ್ನಿಗೆ ಬಿತ್ತು.

"ಬಾಂಬೇದಾಗ ಹಿಂಗೇ ಉಣ್ತಾರೇನ್ರಿ? ಬಾಜೂ ಕುಂತವ್ರು ತಲಿಗಿ ಏನರೇ ಕಟ್ಕೊಂಡ್ ಕುಂದ್ರಬೇಕಲ್ಲ?" ಎಂದಳು ಅವಳು, ತಿರುಗದೆ.

ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಗಂಭೀರವಾಗಿ, "ಅಲ್ಲಿ ಬ್ರೆಡ್ ಇರ್ತದ, ಮೆತ್ತಗ ಇರ್ತದ, ಹಾರಂಗಿಲ್ಲ" ಎಂದೆ.

ಕೊನೆಯ ದಿನ ಮರೆಪ್ಪ ಕೇಳಿದ, "ಸಾಹೇಬ್ರ, ತಾಟು ಒಯ್ಬೇಕೇನ್ರಿ? ಚಿತ್ತಾಪುರ ಹಾಸ್ಟೆಲಿನ್ಯಾಗ ತಮ್ಮ ತಾಟು ತಾವೇ ಒಯ್ದು, ಉಂಡು, ತೊಳ್ದು ಇಡಬೇಕು."

ಊಟದ ಮನೆಯೊಳಗೆ ಕಾಲಿಡದವನಿಗೆ ತಾಟು ಯಾರದೆಂದು ಹೇಗೆ ತಿಳಿಯಬೇಕು? ಬಾಗಿಲಿಂದ ಕಂಡದ್ದು ಚಾಕು, ಬಿಳಿ ಬಟ್ಟೆ ಮಾತ್ರ. ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. "ಒಯ್ಯಲೇಬೇಕು ಮರೆಪ್ಪ. ಸ್ಟೀಲಿಂದು ಹೊಸಾದು ಕೊಡಸು. ಹೆಸರ ಕೊರಸು, ಇಲ್ಲಂದ್ರ ಅದಲಿ ಬದಲಿ ಆಗ್ತಾವ" ಎಂದೆ. ಮರೆಪ್ಪ ಶಹಾಬಾದಿಗೆ ಹೋಗಿ ತಾಟು ತಂದ. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದ: ಕುಮಾರಿ ಶಾಂತಾ ಮರೆಪ್ಪ, ವಾಡಿ.

ಶಾಂತಾ ಹೋದಳು. ಅಲ್ಲಿಂದ ನನಗೆ ಮೂರು ಪತ್ರ ಬರೆದಳು. ಮೊದಲನೆಯದರಲ್ಲಿ, "ಕಾಕಾ, ಇಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ, ನೀವು ಮೊದಲ ತಿಂಗಳು ಹೇಗೆ ಕಳೆದಿರಿ?" ಎಂದು ಕೇಳಿದ್ದಳು. ನಾನು, ಒಂದು ವಾರದಲ್ಲೇ ಎಲ್ಲರೂ ನನ್ನ ಗೆಳೆಯರಾದರು, ನನ್ನನ್ನು ಬಿಟ್ಟು ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ ಎಂದು ಉತ್ತರ ಬರೆದೆ. ಎರಡನೆಯದರಲ್ಲಿ ಒಂದೇ ಪ್ರಶ್ನೆ: "ನಿಮಗೂ ಅಳು ಬರುತ್ತಿತ್ತೇ?" ಅದಕ್ಕೆ ನಾನು ಬರೆದ ಸಾಲು ನನಗೆ ಬಾಯಿಪಾಠವಾಗಿ ಉಳಿದಿದೆ: "ಅಳುವುದು ಹೇಡಿಗಳ ಲಕ್ಷಣ, ನಾನು ಒಂದು ದಿನವೂ ಅಳಲಿಲ್ಲ." ನನ್ನ ಕೈಯಿಂದ ಸಾವಿರಾರು ಪತ್ರ ಹೋಗಿವೆ. ಇದರಷ್ಟು ಹೊಲಸು ಸಾಲು ಇನ್ನೊಂದನ್ನು ಬರೆದಿಲ್ಲ. ಮೂರನೆಯ ಪತ್ರದಲ್ಲಿ ಪ್ರಶ್ನೆಯೇ ಇರಲಿಲ್ಲ, ಮಳೆಯ ಸುದ್ದಿ ಮಾತ್ರ. ಹೊಂದಿಕೊಂಡಳು ಎಂದು ನಾನು ಖುಷಿಪಟ್ಟೆ.

ದೀಪಾವಳಿ ರಜೆಗೆ ಬಂದವಳು ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಕಲ್ಲಿನ ಅಂಗಳಕ್ಕೆ ಬಂದಳು. ಕೈಯಲ್ಲಿ ಒಂದು ಅರ್ಜಿ. ಸೇಡಂನಲ್ಲಿ ಮಾಸ್ತರಿಕೆಯ ತರಬೇತಿಗೆ ಸೇರುವ ಅರ್ಜಿ. ಊರಿನ ಅರ್ಜಿಗಳನ್ನೆಲ್ಲ ತುಂಬುವವನು ನಾನೇ. ಹಿಂದೆ ಪಾಲಿಶ್ ಮಷೀನು ಗರ್ರೆಂದು ಕಲ್ಲು ತಿಕ್ಕುತ್ತಿತ್ತು, ಅಲ್ಲಿ ಮಾತಾಡುವುದೆಂದರೆ ಕೂಗುವುದೇ.

"ಮತ್ತ ಬಾಂಬೆ?" ಎಂದು ಕೂಗಿದೆ.

"ಹೋಗಂಗಿಲ್ರಿ ಕಾಕಾ."

ಕಾರಣವನ್ನೂ ಕೂಗಿಯೇ ಹೇಳಿದಳು. ಮೊದಲ ದಿನವೇ ತಾಟು ಹಿಡಿದುಕೊಂಡು ಊಟದ ಮನೆಯ ಸಾಲಿನಲ್ಲಿ ನಿಂತಳಂತೆ. ಅಲ್ಲಿ ತಾಟು ಅವರೇ ಕೊಡುತ್ತಾರೆ, ಅವರೇ ತೊಳೆಯುತ್ತಾರೆ. ಉಂಡು, ತನ್ನ ತಾಟು ತೊಳೆದು, ಕೋಣೆಗೆ ಒಯ್ಯುವಾಗ ಬಡಿಸುವವನು ತಡೆದು, ಮೆಸ್ಸಿನ ತಾಟು ಎಲ್ಲಿಗೆ ಒಯ್ಯುತ್ತೀ ಎಂದನಂತೆ. ತನ್ನದೆಂದು ಅಂಚಿನ ಹೆಸರು ತೋರಿಸಿದಳು. ಅದು ಕನ್ನಡದಲ್ಲಿತ್ತು. ಆ ದೊಡ್ಡ ಊಟದ ಮನೆಯಲ್ಲಿ ಅದನ್ನು 'ಶಾಂತಾ' ಎಂದು ಓದಬಲ್ಲವರು ಅವಳನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ. ತಾಟು ಎಣಿಸಿ ನೋಡಿ ಆಮೇಲೆ ಬಿಟ್ಟರು. ಅವತ್ತಿನಿಂದ ಹುಡುಗಿಯರೆಲ್ಲ ಅವಳನ್ನು 'ಥಾಲಿ' ಎಂದೇ ಕರೆದರಂತೆ.

"ಅದಕ್ಕೇನ್, ನಗ್ತಾರ, ಬಿಡ್ತಾರ" ಎಂದೆ.

"ನಗೋದಕ್ಕಲ್ರಿ ಕಾಕಾ. ನೀವೂ ಇಲ್ಲಿಂದೇ ಹೋದವ್ರು. ನಿಮಗ ಎಲ್ಲಾ ಸಲೀಸ ಆತು. ಅಳು ಸೈತ ಬರ್ಲಿಲ್ಲ. ನನಗ ಆಗವಲ್ದು. ಅಂದ್ರ ನನ್ನಾಗೇ ಏನೋ ಕಮ್ಮಿ ಅದ. ಅದನ್ನ ತಿಳ್ಕೊಂಡು ಸುಮ್ನ ಸೇಡಮ್ಮಿಗಿ ಹೋಗೋದ ಛಲೋ."

ಅರ್ಜಿಯಲ್ಲಿ ಒಂದು ಕಲಮು ಇತ್ತು: ಹಿಂದಿನ ಕಾಲೇಜು ಬಿಟ್ಟ ಕಾರಣ. "ಆ ಓದು ನನ್ನ ಕೈಲಾಗುವುದಿಲ್ಲ, ಅಂತ ಬರೀರಿ" ಎಂದಳು. ಪೆನ್ನು ಊರಿದೆ. ನಾನು ಒಳ್ಳೆಯವನೆಂದು ಹೇಳಿಕೊಳ್ಳುತ್ತಿಲ್ಲ. ಬರೆದುಬಿಡೋಣ, ಸೇಡಂನಲ್ಲಿ ಮಾಸ್ತರಿಣಿಯಾಗಲಿ, ನನ್ನ ಬಾಂಬೆ ನನಗಿರಲಿ ಎಂದು ಒಂದು ಗಳಿಗೆ ಖಂಡಿತ ಅನಿಸಿತು. ಮೊದಲ ಅಕ್ಷರ 'ಆ' ಬರೆದೂ ಆಯಿತು. ಮುಂದಕ್ಕೆ ಕೈ ಹೋಗಲಿಲ್ಲ.

"ಶಾಂತಾ, ನಾ ಓಡಿ ಬಂದೀನಿ" ಎಂದೆ.

"ಏನ್ರೀ?"

"ಓಡಿ ಬಂದೀನಿ ಅಂದೆ."

"ಕೇಳಸವಲ್ದ್ರಿ ಕಾಕಾ! ಜೋರ್ ಹೇಳ್ರಿ!"

ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದೆ. ಸರಿಯಾಗಿ ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಮಷೀನು ನಿಂತಿತು. ಇಡೀ ಅಂಗಳದ ನಿಶ್ಶಬ್ದದಲ್ಲಿ ನನ್ನ ಧ್ವನಿಯೊಂದೇ ಕಲ್ಲಿನಿಂದ ಕಲ್ಲಿಗೆ ಬಡಿಯಿತು:

"ನಾ ಬಾಂಬೇದಿಂದ ಓಡಿ ಬಂದೀನಿ! ಹತ್ತೊಂಬತ್ತ ದಿನಕ್ಕ ಓಡಿ ಬಂದೀನಿ!"

ಇಪ್ಪತ್ತು ಇಪ್ಪತ್ತೈದು ಜನ ಕೈಯಲ್ಲಿ ಉಳಿ ಸುತ್ತಿಗೆ ಹಿಡಿದು ನನ್ನ ಕಡೆ ನೋಡುತ್ತ ನಿಂತರು. ಅವರಲ್ಲಿ ಮರೆಪ್ಪನೂ ಇದ್ದ. ಇನ್ನು ಮುಚ್ಚುವುದಕ್ಕೇನಿದೆ? ಬೂಟಿನ ಸಾಲು, ದಾರ ಬಿಚ್ಚಿದ ಪ್ರೊಫೆಸರರು, ಚಂದ್ರಂಪಳ್ಳಿಯ ಹಾಜರಿ ಪುಸ್ತಕ, ಎಲ್ಲವನ್ನೂ ಹೇಳಿದೆ. ಶಾಂತಾ ಕಣ್ಣು ಮಿಟುಕಿಸದೆ ಕೇಳಿದಳು.

"ಮತ್ತ ಊಟದ ಮನಿ?"

"ಒಳಗ ಹೋಗೇ ಇಲ್ಲ. ಬಾಗಲದಾಗ ನಿಂತ್ ನೋಡಿ ಬಂದೀನಿ."

"ಹಂಗಾದ್ರ ತಾಟು?"

"ಅಂದಾಜಿಲೆ ಹೇಳೀನವ್ವ."

ಅವಳ ಮುಖ ಕೆಂಪಾಯಿತು. "ನಿಮ್ಮ ಅಂದಾಜಿಗಿ ಅಲ್ಲಿ ನನ್ನ ಕಳ್ಳಿ ಅಂದ್ರಲ್ರಿ ಕಾಕಾ." ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ನಾನು ತಲೆ ತಗ್ಗಿಸಿದೆ. ಬೈಗುಳಕ್ಕೆ ಕಾಯುತ್ತ ಕೂತರೆ ಬಂದದ್ದು ಇನ್ನೊಂದು ಪ್ರಶ್ನೆ.

"ಅಳೋದು ಹೇಡಿ ಲಕ್ಷಣ ಅಂತ ಬರದಿದ್ರಲ್ಲ, ಅದು?"

"ಗಾಡ್ಯಾಗ ಸೊಲ್ಲಾಪುರ ತನಕ ಅತ್ತೀನಿ. ಬಾಜೂ ಕುಂತಿದ್ದ ಮುದುಕಿ ಒಬ್ಬಾಕಿ, ಯಾರ್ ಸತ್ತಾರಪ್ಪ ಅಂತ ಕೇಳಿ ತಾನೂ ಅತ್ತಳು."

ಮೊದಲು ಅವಳ ಭುಜ ಅಲುಗಿತು. ಆಮೇಲೆ ನಗು ಬಂತು. ರೊಟ್ಟಿ ಹಾರಿದ ದಿನ ನಕ್ಕ ಹಾಗೆ ಬಾಯಿ ಮುಚ್ಚಿಕೊಳ್ಳಲಿಲ್ಲ. ನಗುತ್ತಲೇ ಬೆರಳು ಮಡಚಿ ಎಣಿಸತೊಡಗಿದಳು. ಜುಲೈ, ಆಗಸ್ಟ್, ಸೆಪ್ಟೆಂಬರ್.

"ನಾ ನೂರಾ ಹನ್ನೆರಡ ದಿನ ಇದ್ದೀನಿ ಕಾಕಾ! ಹತ್ತೊಂಬತ್ತ ಆರ್ಲೆ ನೂರಾ ಹದಿನಾಕು. ನಿಮ್ಮ ಆರು ಪಟ್ಟಿಗಿ ಎರಡೇ ದಿನ ಕಮ್ಮಿ!"

ಅರ್ಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಚಿ, ಅಲ್ಲೇ ಬಿದ್ದಿದ್ದ ಒಂದು ಕಲ್ಲಿನ ಚೂರಿನ ಕೆಳಗೆ ಒತ್ತಿಟ್ಟು ಹೊರಟುಹೋದಳು. ರಜೆ ಮುಗಿದ ದಿನ ಬಾಂಬೆ ಗಾಡಿ ಹತ್ತಿದಳು. ತಾಟು ಮನೆಯಲ್ಲೇ ಇರಲಿ ಎಂದು ಮರೆಪ್ಪ ಹೇಳಿದರೆ, "ಇರ್ಲಿ ಅಪ್ಪಾ, ಅದರ ಮ್ಯಾಲ ನನ್ನ ಹೆಸರ ಅದ" ಎಂದು ಟ್ರಂಕಿಗೆ ಹಾಕಿಕೊಂಡಳಂತೆ.

ಇನ್ನು ನನ್ನ ಪಾಡು. ಆ ದಿನವೇ ನನ್ನ ಬಾಂಬೆ ಮುಳುಗಿತು, ಇನ್ನು ಊರಲ್ಲಿ ತಲೆ ಎತ್ತುವುದು ಹೇಗೆ ಎಂದುಕೊಂಡು ಸಂಜೆ ಖಾಜಾಮಿಯಾನ ಅಂಗಡಿಗೆ ಹೋದೆ. ಸುದ್ದಿ ಆಗಲೇ ಅಲ್ಲಿ ಕೂತು ಚಹಾ ಕುಡಿಯುತ್ತಿತ್ತು.

"ವಾಹ್ ಹಣಮಂತ ಸಾಬ್!" ಎಂದ ಖಾಜಾಮಿಯಾ. "ಹುಡುಗಿ ವಾಪಸ್ ಹೋಗ್ಲಿ ಅಂತ ಏನ್ ಚಂದ ಕಥಿ ಕಟ್ಟಿದ್ರಿ! ಅಷ್ಟೂ ಮಂದಿ ಮುಂದ ತನ್ನ ಮಾನಾ ತಾನೇ ಕಳಕೊಳ್ಳೋದು ಅಂದ್ರ ಸಣ್ಣ ಮಾತಲ್ಲ."

"ಕಥಿ ಅಲ್ಲ ಚಾಚಾ, ಖರೇ. ನೀವೇ ನೋಡೀರಲ್ಲ ನಾ ಇಪ್ಪತ್ತ ದಿನಕ್ಕ ಬಂದಿದ್ದು?"

"ಅದು ರಜಾ ಇತ್ತಲ್ಲ!"

ನಾನು ಎಷ್ಟು ಹೇಳಿದರೂ ಅಷ್ಟಷ್ಟು ದೊಡ್ಡವನಾಗುತ್ತ ಹೋದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿಮ್ಮ ಸಣ್ಣವ್ವ ಮದುವಿ ಚಪ್ಪರದಾಗೇ ಹೇಳಿದ್ಲು. ಮುಳ್ಳಚಮಚ ಹಿಡದಾಗ ಅಂತೂ ಹೊಟ್ಟಿ ಹುಣ್ಣಾಗೂವಂಗ ನಕ್ಕೀನಿ ಒಳಗೊಳಗ" ಎಂದಳು.

ಮರುದಿನ ಮರೆಪ್ಪ ಬಂದು ನನ್ನ ಕಾಲು ಮುಟ್ಟಲು ಬಗ್ಗಿದ. ಹಿಡಿದು ನಿಲ್ಲಿಸಿ, ದೇವರಾಣೆ ನಿಜ, ಚಪ್ಪಲಿಗೆ ನಕ್ಕರೆಂದು ಓಡಿಬಂದೆ ಎಂದೆ. ಅವನು ಸಣ್ಣಗೆ ನಕ್ಕ.

"ಬಿಡ್ರಿ ಸಾಹೇಬ್ರ. ನಮ್ಮಪ್ಪ ಊರಾಗ ಗೌಡರ ಓಣಿ ದಾಟೂಮುಂದ ದಿನಾ ಚಪ್ಪಲ ಕೈಯಾಗ ಹಿಡ್ಕೊಂಡು ಹೋಗ್ತಿದ್ದ. ಮಂದಿ ನಕ್ಕರಂತ ಯಾರರೇ ಅಂಥಾ ಓದು ಬಿಟ್ಟ್ ಬರ್ತಾರೇನ್ರಿ?"

ಅವನ ಅಳತೆಯಲ್ಲಿ ನನ್ನ ಕಾರಣ ನಂಬಲು ಸಾಲದಷ್ಟು ಸಣ್ಣದಾಗಿತ್ತು. ಮರೆಪ್ಪ ಕೊನೆಯವರೆಗೂ ನನ್ನನ್ನು ಮಗಳಿಗಾಗಿ ಸುಳ್ಳು ಹೇಳಿದ ಪುಣ್ಯಾತ್ಮನೆಂದೇ ತಿಳಿದು ತೀರಿಕೊಂಡ. ಒಂದೆರಡು ತಿಂಗಳು ಎಲ್ಲರಿಗೂ ತಿದ್ದಿ ಹೇಳಿದೆ, ಆಮೇಲೆ ಬಿಟ್ಟೆ. ಬಿಟ್ಟದ್ದು ಎರಡನೆಯ ತಪ್ಪು. ಶಾಂತಾ ಓದು ಮುಗಿಸಿ, ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ ಈಗ ನಿವೃತ್ತಳಾಗಿದ್ದಾಳೆ. ಆ ಕೀರ್ತಿಯಲ್ಲಿ ನನಗೆ ಈಗಲೂ ಪಾಲು ಕೊಡುವವರಿದ್ದಾರೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಬಾಯಿಮಾತನ್ನು ನಂಬದವರು ಅಚ್ಚಾದದ್ದನ್ನು ನಂಬುತ್ತಾರೆಂದು ಕೇಳಿದ್ದೇನೆ.

ಅವಳು ವಾಪಸ್ಸು ಹೋಗಿ ಹದಿನೈದು ದಿನಕ್ಕೆ ಬರೆದ ಪತ್ರವೊಂದರ ಮಾತು ಹೇಳಿ ಮುಗಿಸುತ್ತೇನೆ.

"ಕಾಕಾ, ಇಪ್ಪತ್ತನೆಯ ದಿನ ಇಲ್ಲಿ ಏನಾಗುತ್ತದೆಂದು ನಿಮಗೆ ತಿಳಿಯದು, ಆದ್ದರಿಂದ ನಾನೇ ಬರೆಯುತ್ತೇನೆ. ನನ್ನ ಇಪ್ಪತ್ತನೆಯ ದಿನ ಗಣಿತದ ಪ್ರೊಫೆಸರರು ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕುತ್ತ ನಡುವೆ ಸಿಕ್ಕಿಬಿದ್ದರು. ಕಾಲು ಗಂಟೆ ನಿಂತರು. ಸುಣ್ಣದ ಕೈಯಿಂದ ತಲೆ ಕೆರೆದುಕೊಂಡು ಕೂದಲೆಲ್ಲ ಬೆಳ್ಳಗಾಯಿತು. ಫಟಫಟ ಇಂಗ್ಲಿಷ್ ಮಾತಾಡುವ ಹುಡುಗಿಯರೆಲ್ಲ ಒಬ್ಬರ ನೋಟ್‌ಬುಕ್ ಒಬ್ಬರು ಇಣುಕುತ್ತಿದ್ದರು, ಯಾರಿಗೂ ಬಂದಿರಲಿಲ್ಲ. ನಾಳೆ ನೋಡೋಣ ಎಂದು ಅವರು ಹೊರಟುಹೋದರು. ಅವತ್ತು ನನಗೆ ಬಹಳ ಧೈರ್ಯ ಬಂದಿತ್ತು. ಕೋಣೆಗೆ ಬಂದರೆ ನಿಮ್ಮ ಪತ್ರ ಬಂದಿತ್ತು, ಗೆಳೆಯರು ನಿಮ್ಮನ್ನು ಬಿಟ್ಟು ಊಟಕ್ಕೆ ಹೋಗುತ್ತಿರಲಿಲ್ಲ ಎಂದು. ಓದಿದ ಮೇಲೆ ಆ ಧೈರ್ಯ ಹೋಯಿತು. ಇನ್ನು ಮುಂದೆ ಉಪದೇಶ ಬರೆಯಬೇಡಿರಿ. ಬೇರೆ ಏನಾದರೂ ಬರೆಯಿರಿ."

ಅಂಗಳದಲ್ಲಿ ಊಟದ ಬಿಡುವಿನ ಹೊತ್ತು. ಒಂದು ಕಾರ್ಡು ತೆಗೆದು ಉತ್ತರ ಬರೆಯಲು ಕೂತೆ. ನಿಜವನ್ನಷ್ಟೇ ಬರೆಯಬೇಕೆಂದುಕೊಂಡರೆ ಅಷ್ಟು ಚಿಕ್ಕ ಕಾರ್ಡು ಕೂಡ ಎಷ್ಟು ದೊಡ್ಡದಾಗಿ ಕಾಣುತ್ತದೆ! ಕ್ಷೇಮ ಎಂದು ಬರೆದೆ. ನಿನ್ನ ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ ಎಂದು ಬರೆದೆ. ಕೊನೆಗೆ ಇಷ್ಟು ಬರೆದು ಅಂಚೆ ಡಬ್ಬಿಗೆ ಹಾಕಿದೆ:

"ಮರುದಿನ ಆ ಪ್ರೊಫೆಸರರಿಗೆ ಲೆಕ್ಕ ಬಂತೇ? ಲೆಕ್ಕ ಬಾರದ ಹೊತ್ತಿನಲ್ಲಿ ಅಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ."